ಮಿಡತೆಯ ಸರದಿ

ಅಕ್ಕನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಇಡೀ ಜಿಮ್ನಾಸ್ಟಿಕ್ಸ್ ಶಾಲೆಗೆ ಗೊತ್ತಿತ್ತು. ಆದರೆ ಅದು ಮಕ್ಕಳ ಕಡೆ ತಿರುಗಿದ್ದನ್ನು ಯಾರೂ ಕಂಡಿರಲಿಲ್ಲ. ಅದೆಲ್ಲ ಅವಳ ಅಣ್ಣನ ಪಾಲು. ಹಳೆಯ ಗೋದಾಮೊಂದನ್ನು ಬಾಡಿಗೆಗೆ ಹಿಡಿದು ಅಣ್ಣ ತಂಗಿ ಸೇರಿ ಶಾಲೆ ನಡೆಸುತ್ತಿದ್ದರು. ದೊಡ್ಡ ಹುಡುಗಿಯರು ಅವನ ಕೈಯಲ್ಲಿ, ಚಿಕ್ಕವರು ಇವಳ ಕೈಯಲ್ಲಿ. ಮಕ್ಕಳಿಗೆ ಇವಳು ಅಕ್ಕ; ಅವನು, ಬೆನ್ನ ಹಿಂದೆ, ಗುಡುಗು ಸರ್.

ಆ ಸಂಜೆ ಗುಡುಗು ಸರ್ ಬೀಮಿನ ಪಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ಎದೆಯೆತ್ತರದ, ಅಂಗೈಯಗಲದ ಆ ಮರದ ಪಟ್ಟಿಯ ಮೇಲೆ ಮಿಡತೆ. ಹನ್ನೆರಡರ ಹುಡುಗಿ, ಮೈಗಿಂತ ಕಾಲೇ ಉದ್ದ, ಅದಕ್ಕೇ ಆ ಹೆಸರು. ಅವಳು ಹಿಂದಕ್ಕೆ ಪಲ್ಟಿ ಹೊಡೆಯಬೇಕಿತ್ತು. ಆಗಲೇ ಒಮ್ಮೆ ಬಿದ್ದು ಮೊಣಕಾಲ ಕೆಳಗೆ ಚರ್ಮ ಸುಲಿದಿತ್ತು.

“ಏನು, ಕಂಬದ ಥರ ನಿಂತಿದೀಯ? ತಿಂದು ತಿಂದು ಮೈ ಭಾರ ಆಗಿದೆ, ಇನ್ನೆಲ್ಲಿ ಏಳುತ್ತೆ! ಹೊಡಿ!”

ಮಿಡತೆ ಅಳಲಿಲ್ಲ. ಎದುರುಗೋಡೆಯನ್ನು ನೋಡುತ್ತಾ ನಿಂತಳು, ಮನೆಯಲ್ಲಿ ಯಾರೂ ಇಲ್ಲದಾಗ ಬಾಗಿಲು ಹಾಕಿರುತ್ತದಲ್ಲ, ಹಾಗಿತ್ತು ಅವಳ ಮುಖ. ಅದನ್ನು ಕಂಡೇ ಅಕ್ಕನ ಪಿತ್ತ ನೆತ್ತಿಗೇರಿತು. ಪುಟಾಣಿಗಳನ್ನು ಮ್ಯಾಟಿನ ಮೇಲೆ ಕೂರಿಸಿ ದಾಪುಗಾಲು ಹಾಕಿ ಬಂದಳು.

“ಇಳಿ ಪುಟ್ಟಾ.”

“ಏಯ್, ಮಧ್ಯೆ ಬರ್ಬೇಡ ನೀನು. ಮುದ್ದು ಮಾಡಿ ಮಾಡಿ ಎಲ್ರನ್ನೂ ತಲೆ ಮೇಲೆ ಕೂರಿಸ್ಕೊಂಡಿದೀಯ.”

“ರಕ್ತ ಸುರೀತಿದೆ ಅಣ್ಣಾ. ಕಣ್ಣು ಕಾಣಲ್ವಾ ನಿಂಗೆ?”

ಬೆಂಚಿನ ಮೇಲಿದ್ದ ಮಿಡತೆಯ ತಾಯಿ ಎದ್ದು ಬಂದಳು. ಆಸ್ಪತ್ರೆಯಲ್ಲಿ ನರ್ಸು, ಪಾಳಿ ಮುಗಿಸಿ ಸೀದಾ ಬಂದವಳು. “ಬೈಯಲಿ ಬಿಡಿ ಮೇಡಂ. ಅವರ ಹೆಸರು ಹೇಳಿದ್ರೆ ಮಾತ್ರ ಮನೇಲಿ ತೆಪ್ಪಗಿರ್ತಾಳೆ.”

ಊರಿನವರ ಗಾಯಕ್ಕೆಲ್ಲ ಪಟ್ಟಿ ಕಟ್ಟುವ ಹೆಂಗಸಿನ ಬಾಯಲ್ಲಿ ಈ ಮಾತು! ಅಕ್ಕನ ಮೈಯೆಲ್ಲ ಉರಿದುಹೋಯಿತು. “ನಾಳೆಯಿಂದ ಇವಳು ನನ್ನ ಹತ್ರ ಕಲೀತಾಳೆ,” ಎಂದಳು. ಅಣ್ಣ ನಕ್ಕ. “ಕಲಿಸು. ಸ್ಪರ್ಧೇಲಿ ನೋಡೋಣ ನಿನ್ನ ಪ್ರೀತಿಯ ಪಾಠ.”

ಕಲಿಸುವುದು ಅಕ್ಕ ಅಂದುಕೊಂಡಷ್ಟು ಸುಲಭವಾಗಿರಲಿಲ್ಲ. “ಇವತ್ತು ಯಾವುದರಿಂದ ಶುರು ಮಾಡೋಣ?” ಎಂದರೆ ಮಿಡತೆ “ನೀವೇ ಹೇಳಿ” ಎನ್ನುತ್ತಿದ್ದಳು. ಕಾಲು ನೋಯುತ್ತಿದೆಯಾ ಎಂದರೆ ಇಲ್ಲ, ಭಯವಾಗುತ್ತಿದೆಯಾ ಎಂದರೂ ಇಲ್ಲ. ಯಾರೂ ಕೇಳದೇ ಬೆಳೆದ ಹುಡುಗಿಗೆ ಉತ್ತರ ಕೊಡುವ ಅಭ್ಯಾಸವೇ ಇರಲಿಲ್ಲ. ಅಣ್ಣನ ಮೇಲಿನ ಸಿಟ್ಟನ್ನು ನುಂಗಿಕೊಂಡು ಅಕ್ಕ ದಿನವೂ ಕೇಳಿದಳು, ದಿನವೂ ಕಾದಳು. ಕೊನೆಗೊಂದು ದಿನ ಬೂಟಿನ ದಾರ ಬಿಚ್ಚುತ್ತಾ ಮಿಡತೆ ತಾನಾಗಿಯೇ ಹೇಳಿದಳು: “ಅಕ್ಕಾ, ಹಿಂದಕ್ಕೆ ಹೋಗುವಾಗ ಬೀಮು ಎಲ್ಲಿದೆ ಅಂತಾನೇ ಗೊತ್ತಾಗಲ್ಲ. ಈ ಸಲ ಅದು ಬೇಡ. ಮುಂದಕ್ಕೆ ಜಿಗಿಯೋದನ್ನ ಚೆನ್ನಾಗಿ ಮಾಡ್ತೀನಿ.”

ಅದೇ ನಿಶ್ಚಯವಾಯಿತು. ನೆಲದ ಮೇಲೆ, ಆಮೇಲೆ ತಗ್ಗಿನ ಬೀಮಿನ ಮೇಲೆ, ಆಮೇಲೆ ಎತ್ತರದ್ದರ ಮೇಲೆ ಆ ಜಿಗಿತ ಪಳಗಿತು. ಮಿಡತೆ ಬಿದ್ದಾಗ ಅಳತೊಡಗಿದಳು, ಅತ್ತು ಮುಗಿಸಿ ತಾನೇ ಮೇಲೇರುತ್ತಿದ್ದಳು.

ಸ್ಪರ್ಧೆಯ ದಿನ ಅವಳ ಹೆಸರು ಕೂಗಿದರು. ಮಿಡತೆ ಕೈಗೆ ಚಾಕ್ ಪುಡಿ ತಿಕ್ಕಿಕೊಂಡು ಬೀಮಿನತ್ತ ಹೊರಟಳು. ಅಷ್ಟರಲ್ಲಿ ಗುಡುಗು ಸರ್ ಹಗ್ಗದಾಚೆಯಿಂದ ಬಾಗಿ, “ಪಲ್ಟಿ ಹೊಡೀಲಿಲ್ಲ ಅಂದ್ರೆ ಶಾಲೆಗೆ ಕಾಲಿಡ್ಬೇಡ” ಎಂದು ಹಲ್ಲು ಕಚ್ಚಿಕೊಂಡೇ ಹೇಳಿದ.

ಅಕ್ಕ ಅವನ ತೋಳು ಹಿಡಿದು ಪರದೆಯ ಹಿಂದಕ್ಕೆ ಎಳೆದೊಯ್ದಳು.

“ನಾಚಿಕೆ ಆಗಲ್ವಾ ನಿಂಗೆ? ಮಗು ಅದು!”

“ನಮ್ಮ ಕೋಚ್ ನಮ್ಮನ್ನೂ ಹೀಗೇ ಬೆಳೆಸಿದ್ರು. ಪದಕ ಬರ್ಲಿಲ್ವಾ?”

“ಬಂತು! ನಿನ್ನ ಸೊಂಟ ಹೋಯ್ತು, ಇವತ್ತಿಗೂ ಬಗ್ಗಿ ಚಪ್ಪಲಿ ಹಾಕ್ಕೊಳಕ್ಕಾಗಲ್ಲ. ನಾನು ಹದಿನಾರಕ್ಕೇ ಬಿಟ್ಟು ಓಡಿದೆ. ಆ ಮುದುಕ ನಿನಗೆ ಕೊಟ್ಟಿದ್ದನ್ನ ನೀನು ಇವಳಿಗೆ ಬಡಿಸ್ತಿದೀಯ!”

“ಬಾಯಿ ಮುಚ್ಚು!”

“ಮುಚ್ಚಲ್ಲ. ಇಷ್ಟು ವರ್ಷ ಮುಚ್ಕೊಂಡಿದ್ದೇ ತಪ್ಪು.”

ಒಳಗೆ ಚಪ್ಪಾಳೆ ಬಿತ್ತು. ಇಬ್ಬರೂ ಅತ್ತ ತಿರುಗಿದರು. ಪರದೆ ಸರಿಸಿ ಮಿಡತೆ ಬಂದಳು. ಮುಖ ಕೆಂಪಾಗಿ ಹೊಳೆಯುತ್ತಿತ್ತು.

“ಒಂದ್ಸಲಾನೂ ಅಲ್ಲಾಡ್ಲಿಲ್ಲ ಅಕ್ಕಾ! ನೋಡಿದ್ರಾ?”

ಅಕ್ಕ ಸುಳ್ಳು ಹೇಳಬಹುದಿತ್ತು. “ಇಲ್ಲ ಪುಟ್ಟಾ. ನೋಡ್ಲಿಲ್ಲ.”

ಮಿಡತೆಯ ಮುಖ ಇಳಿಯಿತು. ಮರುಕ್ಷಣವೇ ಅವಳ ಕಣ್ಣಲ್ಲಿ ಕಿಡಿ ಹಾರಿತು. ಇಷ್ಟು ದಿನ ಯಾರೂ ಕೇಳದ ದನಿ ಹೊರಗೆ ಬಂತು.

“ನನ್ನ ಸರದೀಲೇ ಬೇಕಿತ್ತಾ ನಿಮ್ಮ ಜಗಳ? ಮೇಲೆ ನಿಂತು ಹುಡುಕಿದೆ, ಇಬ್ರೂ ಇಲ್ಲ! ಸರ್ ಬೈದ್ರು, ನೀವು ಸರ್‌ನ ಬೈಯಕ್ಕೆ ಹೋದ್ರಿ. ನಾನೊಬ್ಳು ಇದೀನಿ ಅಂತ ಯಾರಿಗಾದ್ರೂ ನೆನಪಿತ್ತಾ?”

ಅಕ್ಕನಿಗೆ ಕೆನ್ನೆಗೆ ಹೊಡೆದಂತಾಯಿತು. “ತಪ್ಪಾಯ್ತು,” ಎಂದಳು. ಮಿಡತೆ “ಹೂಂ” ಎಂದಳೇ ಹೊರತು ಕ್ಷಮಿಸಿದೆ ಎನ್ನಲಿಲ್ಲ. ಬ್ಯಾಗು ಹೆಗಲಿಗೇರಿಸಿ ಅಮ್ಮನ ಬಳಿ ಹೋದಳು. ಅಂದು ಪೂರ್ತಿ ಅಕ್ಕನ ಜೊತೆ ಮಾತು ಬಿಟ್ಟಳು.

ಪದಕ ಬರಲಿಲ್ಲ. ಅದೇ ನೆಪದಲ್ಲಿ ಒಂದಿಬ್ಬರು ತಂದೆತಾಯಂದಿರು ಮಕ್ಕಳನ್ನು ಬೇರೆ ಕಡೆ ಸೇರಿಸಿದರು. ನರ್ಸಮ್ಮ ಮಾತ್ರ ಹಾಗೆ ಮಾಡಲಿಲ್ಲ. ಮಗಳು ಮನೆಯಲ್ಲೂ ಎದುರು ಮಾತಾಡುತ್ತಾಳೆ ಎಂದು ದೂರುತ್ತಲೇ ಅವಳನ್ನು ಕರೆತರುತ್ತಾಳೆ. ಗುಡುಗು ಸರ್ ಬದಲಾದ ಎಂದರೆ ಸುಳ್ಳಾದೀತು. ಅವನು ಕೂಗಿದ ದಿನ ಅಕ್ಕ ಇಂದಿಗೂ ಕೆಂಡವಾಗುತ್ತಾಳೆ. ಆದರೆ ಬೀಮಿನ ಮೇಲಿರುವ ಹುಡುಗಿಯನ್ನು ಕೈಹಿಡಿದು ಮೊದಲು ಕೆಳಗಿಳಿಸುತ್ತಾಳೆ, ಏನಾಯಿತೆಂದು ಕೇಳಿ, ಅವಳು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಳ್ಳುತ್ತಾಳೆ. ಕೊನೆಯ ಮಗು ಮನೆಗೆ ಹೋದ ಮೇಲೆ ಬಾಗಿಲು ಹಾಕಿ ಅಣ್ಣನ ಕಡೆ ತಿರುಗುತ್ತಾಳೆ.