ಪ್ರಾಣಿದಯಾ ಸಂಘಕ್ಕೆ ಗಿಣ್ಣು

ನಮ್ಮ ಬಡಾವಣೆಯಲ್ಲಿ ಹಸು ಯಾವ ಹೊತ್ತಿಗೆ ದೇವರು, ಯಾವ ಹೊತ್ತಿಗೆ ದನ ಎಂಬುದನ್ನು ಪಂಚಾಂಗ ನೋಡಿ ಹೇಳಬೇಕಾಗಿತ್ತು. ಹೇಳುತ್ತಿದ್ದವನು ನಾನು, ಸೇತುರಾಮ ಶಾಸ್ತ್ರಿ, ಪುರೋಹಿತ. ಹೆಬ್ಬಾಳ ದಾಟಿದ ಮೇಲೆ ಅಮೃತಹಳ್ಳಿಯ ಪಕ್ಕದಲ್ಲಿ ನೌಕರರ ಗೃಹನಿರ್ಮಾಣ ಸಂಘವೊಂದು ಸೈಟು ಹಂಚಿದ್ದ ಜಾಗ ಅದು. ಎಂಬತ್ತಮೂರನೆಯ ಇಸವಿಯ ಆಸುಪಾಸಿನಲ್ಲಿ ಅಲ್ಲಿ ತಿಂಗಳಿಗೆ ಎರಡಾದರೂ ಗೃಹಪ್ರವೇಶ ಇರುತ್ತಿದ್ದವು. ಗೃಹಪ್ರವೇಶವೆಂದರೆ ಮೊದಲು ಹಸು ಒಳಗೆ ಹೋಗಬೇಕು, ಆಮೇಲೆ ಮನೆಯ ಯಜಮಾನರು. ಹಸು ನಡುಮನೆಯಲ್ಲಿ ಗಂಜಲ ಹೊಯ್ದು ಸಗಣಿ ಹಾಕಿತೋ, ಎಲ್ಲರ ಮುಖ ಅರಳುತ್ತಿತ್ತು. ಹೆಂಗಸರು ಆ ಸಗಣಿಗೇ ಅರಿಶಿನ ಕುಂಕುಮ ಏರಿಸುತ್ತಿದ್ದರು. ಅದೇ ಹಸು ಮಾರನೆಯ ಬೆಳಿಗ್ಗೆ ಅದೇ ಮನೆಯ ಗೇಟಿನ ಮುಂದೆ ಸಗಣಿ ಹಾಕಿದರೆ ಒಳಗಿನಿಂದ ಪೊರಕೆ, ಬಕೆಟ್ಟು ನೀರು, ಬೈಗುಳ ಮೂರೂ ಒಟ್ಟಿಗೆ ಬರುತ್ತಿದ್ದವು.

ಹಸುವಿನ ಹೆಸರು ಕೆಂದಿ. ಅಮೃತಹಳ್ಳಿಯ ಮುನಿಕೃಷ್ಣಮ್ಮನದು. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ, ಕೆಂದಿಯ ಹಾಲು ಮಾರಿಯೇ ಅವಳ ಒಲೆ ಉರಿಯಬೇಕು. ನಾವು ಪಾರ್ಕ್ ಎಂದು ಬೋರ್ಡು ನೆಟ್ಟು, ಗಿಡ ನೆಡಲು ಮರೆತಿದ್ದ ಜಾಗದಲ್ಲಿ ಅವಳ ಅಪ್ಪ ದನ ಮೇಯಿಸುತ್ತಿದ್ದನಂತೆ. ಈಗ ಹುಲ್ಲು ಉಳಿದಿದ್ದದ್ದು ಕೆರೆಯಂಗಳದಲ್ಲಿ ಮಾತ್ರ, ಅಲ್ಲಿಗೆ ಹೋಗಬೇಕಾದರೆ ನಮ್ಮ ಬೀದಿಗಳನ್ನೇ ಹಾಯಬೇಕು. ಹದಿನೆಂಟು ಮನೆಗಳ ಪ್ರವೇಶ ಮುಗಿಸಿದ ಕೆಂದಿಗೆ ಒಂದು ಅಭ್ಯಾಸ ಆಗಿಹೋಗಿತ್ತು. ಬಾಗಿಲಿಗೆ ಮಾವಿನ ತೋರಣ ಕಂಡರೆ ಸಾಕು, ಯಾರೂ ಎಳೆಯಬೇಕಾಗಿರಲಿಲ್ಲ, ತಾನೇ ಮೆಟ್ಟಿಲು ಹತ್ತುತ್ತಿತ್ತು. ಒಳಗೆ ಬಾಳೆಹಣ್ಣು ಇರುತ್ತದೆ ಎಂಬುದು ಅದಕ್ಕೆ ಗೊತ್ತು.

ನಮ್ಮ ಬಡಾವಣೆಯ ದೊಡ್ಡ ಮನುಷ್ಯರೆಂದರೆ ಬದರೀನಾಥರು. ಸರ್ಕಾರದ ಯಾವುದೋ ಇಲಾಖೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ಅವರ ಗೃಹಪ್ರವೇಶದ ದಿನ ಕೆಂದಿ ಒಳಗೆ ಹೋಗಿ, ಒಂದು ಗೊನೆ ಬಾಳೆಹಣ್ಣು ತಿಂದು, ಏನನ್ನೂ ಹಾಕದೆ ಹೊರಗೆ ಬಂದಿತ್ತು. "ಏನ್ರೀ ಶಾಸ್ತ್ರಿಗಳೇ, ಬೇರೆಯವರ ಮನೇಲೆಲ್ಲ ಹಾಕುತ್ತೆ, ನಮ್ಮನೇಲಿ ಯಾಕಿಲ್ಲ?" ಎಂದು ಅವರು ತಿಂಗಳುಗಟ್ಟಲೆ ನನ್ನನ್ನು ಕೇಳುತ್ತಿದ್ದರು. ಹಸುವಿನ ಹೊಟ್ಟೆಯ ಲೆಕ್ಕ ನನಗೆ ಹೇಗೆ ಗೊತ್ತಾಗಬೇಕು?

ಕೆಲಸವಿಲ್ಲದ ದೊಡ್ಡ ಮನುಷ್ಯನಿಂದ ಊರಿಗೆ ಕಷ್ಟ. ಜಟಕಾ ಕುದುರೆಗಳ ಪಾಡಿನ ಬಗ್ಗೆ ಬದರೀನಾಥರು ಪತ್ರಿಕೆಗೆ ಒಂದು ಪತ್ರ ಬರೆದರು, ಅದು ಅಚ್ಚಾಯಿತು. ಅಂದಿನಿಂದ ಅವರಿಗೆ ಮೂಕಪ್ರಾಣಿಗಳ ಚಿಂತೆ ಹತ್ತಿಕೊಂಡಿತು. ಅವರ ಮನೆಯಲ್ಲಿದ್ದ ಮೂಕಪ್ರಾಣಿ ಎಂದರೆ ಒಂದು ಬಿಳಿ ಪಾಮರೇನಿಯನ್ ನಾಯಿ. ಶನಿವಾರ ಮನೆಯವರ ಜೊತೆ ಅದಕ್ಕೂ ಒಪ್ಪೊತ್ತು. ರಾತ್ರಿ ಅದು ಹಸಿದು ಊಳಿಟ್ಟರೆ, ಅವರ ಹೆಂಡತಿ ಪಂಕಜಮ್ಮ "ಭಜನೆ ಮಾಡುತ್ತೆ ಕಣ್ರೀ" ಎನ್ನುತ್ತಿದ್ದರು.

ಹೀಗೆ ಹುಟ್ಟಿದ್ದು ನಮ್ಮ ಪ್ರಾಣಿದಯಾ ಸಂಘ, ಅಧ್ಯಕ್ಷರು ಬದರೀನಾಥರೇ. ಸ್ವಂತ ಮನೆ ಇದ್ದವರಿಗೆ ಮಾತ್ರ ಸದಸ್ಯತ್ವ, ಬಾಡಿಗೆಯವರಿಗೆ ಇಲ್ಲ. ಬಾಡಿಗೆ ಮನೆಯಲ್ಲಿರುವವರಿಗೆ ದಯೆ ಇರುವುದಿಲ್ಲವೇ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

"ಗೋಪೂಜೆಯಿಂದ್ಲೇ ಇನಾಗ್ರೇಷನ್," ಎಂದರು ಬದರೀನಾಥರು. "ಆದ್ರೆ ಒಂದು ಕಂಡೀಷನ್. ಪ್ರತಿ ಮನೆಯವರೂ ಕೈಯಾರೆ ಹಸುಗೆ ತಿನ್ನಿಸ್ಬೇಕು. ದಯೆ ಅನ್ನೋದು ಬರೀ ಬಾಯಲ್ಲಿದ್ರೆ ಸಾಲ್ದು ಕಣ್ರೀ."

ಮುನಿಕೃಷ್ಣಮ್ಮನಿಗೆ ನಾನು ಹೋಗಿ ಹೇಳಿದೆ. ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡು ನಿಂತಳು.

"ಗಬ್ಬದಸ ಸ್ವಾಮಿ. ಏಳು ತಿಂಗ್ಳು ತುಂಬೈತೆ. ಅಷ್ಟೂ ಮನೆಯೋರು ಅಕ್ಕಿ ಬೆಲ್ಲ ಇಕ್ಕಿದ್ರೆ ಒಟ್ಟೆ ಕೆಡಕಿಲ್ವಾ?"

"ಏನೂ ಆಗಲ್ಲಮ್ಮ, ದೇವರ ಕಾರ್ಯ," ಎಂದೆ. ಹಸುವಿನ ಹೊಟ್ಟೆಯ ಲೆಕ್ಕ ನನಗೆ ಗೊತ್ತಿಲ್ಲ ಎಂದು ಈಗಷ್ಟೇ ಹೇಳಿದೆನಲ್ಲ, ಆ ಮಾತನ್ನು ಅವತ್ತೇ ಹೇಳಬೇಕಾಗಿತ್ತು. ಒಳ್ಳೆಯ ದಕ್ಷಿಣೆಯ ಆಸೆಗೆ ಬಾಯಿ ಮುಚ್ಚಿಕೊಂಡೆ.

ಆ ಭಾನುವಾರ ಬದರೀನಾಥರ ಮನೆಯ ಮುಂದೆ ಶಾಮಿಯಾನ ಎದ್ದಿತು. ಅವರ ಪೋರ್ಟಿಕೋಗೆ ಮಾವಿನ ತೋರಣ. ಅಧ್ಯಕ್ಷರು ಕುದುರೆ ಕತ್ತೆಗಳ ಬಗ್ಗೆ ಮಾತನಾಡುವ ಮೊದಲು ಗೋಪೂಜೆ. ಇಪ್ಪತ್ತಮೂರು ಮನೆಗಳವರು ಸಾಲಾಗಿ ನಿಂತರು. ಒಬ್ಬರು ನೆನೆಸಿದ ಅಕ್ಕಿ ಬೆಲ್ಲ ತಂದರೆ ಇನ್ನೊಬ್ಬರು ಕೋಸಂಬರಿ ತಂದರು. ಒಬ್ಬರು ಒಂದು ಡಜನ್ ಬಾಳೆಹಣ್ಣು ಕೊಟ್ಟದ್ದನ್ನು ನೋಡಿ ಪಕ್ಕದ ಮನೆಯವರು ಮತ್ತೆ ಅಂಗಡಿಗೆ ಓಡಿ ಎರಡು ಡಜನ್ ತಂದರು. ಹಿಂದಿನ ದಿನದ ಪಾಯಸ, ಮುರಿದ ಹೋಳಿಗೆ, ಹುಳಿ ಬಂದಿದ್ದ ಇಡ್ಲಿ ಹಿಟ್ಟು, ಮನೆಯಲ್ಲಿ ಮಿಕ್ಕಿದ್ದೆಲ್ಲ ಅವತ್ತು ಪುಣ್ಯವಾಯಿತು. ಫೋಟೋದವನು "ಕಣ್ಣು ಮುಚ್ಚಿಬಿಟ್ರಿ ಮೇಡಂ, ಇನ್ನೊಂದ್ಸಲ ತಿನ್ನಿಸಿ" ಎಂದರೆ ಇನ್ನೊಂದು ಸಲ. ನಾನು ಮಂತ್ರ ಹೇಳುತ್ತಲೇ ಇದ್ದೆ. ಮುನಿಕೃಷ್ಣಮ್ಮ ಹಗ್ಗ ಹಿಡಿದು "ಸಾಕು ತಾಯೀ, ಸಾಕು" ಎನ್ನುತ್ತಿದ್ದದ್ದು ಮಂತ್ರದಲ್ಲಿ ಮುಳುಗಿಹೋಯಿತು.

ಭಾಷಣ ಶುರುವಾಗಿ ಮುಕ್ಕಾಲು ಗಂಟೆಯಾಗಿರಬೇಕು. ಬದರೀನಾಥರು "ಪ್ರಾಣಿಗಳ ನೋವು ನಮಗೆ ಕಾಣಬೇಕು" ಎನ್ನುತ್ತಿದ್ದಾಗ ಅವರ ಬೆನ್ನ ಹಿಂದೆ ಕೆಂದಿಯ ಎಡಪಕ್ಕೆ ತಮಟೆಯಂತೆ ಬಿಗಿದುಕೊಂಡಿತು. ಅದು ನಾಲಿಗೆ ಹೊರಚಾಚಿ, ಜೊಲ್ಲು ಸುರಿಸಿ, ಮುಂಗಾಲು ಮಡಚಿ ಕುಸಿಯಿತು.

"ಅಯ್ಯೋ ನನ್ನಸ! ಉಸ್ರು ಕಟ್ತೈತೆ, ಯಾರಾರ ನೋಡ್ರಪ್ಪೋ!" ಎಂದು ಮುನಿಕೃಷ್ಣಮ್ಮ ಎದೆ ಬಡಿದುಕೊಂಡಳು.

ಸಂಘ ಎದ್ದು ನಿಂತಿತು. ಎದ್ದು ನಿಂತದ್ದು ಬಿಟ್ಟರೆ ಬೇರೇನೂ ಮಾಡಲಿಲ್ಲ. ಹೆಬ್ಬಾಳದಿಂದ ದನದ ಡಾಕ್ಟರನ್ನು ಕರೆಸಬೇಕೆಂದು ಎಲ್ಲರೂ ಒಪ್ಪಿದರು.

"ಸುಮ್ನೆ ಹೋದ್ರೆ ಬರಲ್ಲ, ಸಂಘದಿಂದ ಲೆಟರ್ ಕೊಟ್ಟು ಕಳಿಸೋಣ," ಎಂದರು ಬದರೀನಾಥರು. ಲೆಟರ್‌ಹೆಡ್ ಬಂತು. ಸೀಲು ಇನ್ನೂ ಮಾಡಿಸಿರಲಿಲ್ಲ. ಸೀಲಿಲ್ಲದ ಪತ್ರ ನಡೆಯುತ್ತದೆಯೇ ಎಂಬ ಚರ್ಚೆ ಹತ್ತಿಕೊಂಡಿತು. ಕೊನೆಗೆ ಯಾರೋ ಪುಣ್ಯಾತ್ಮರು ಪತ್ರವೂ ಬೇಡ, ಸೀಲೂ ಬೇಡ ಎಂದು ಸ್ಕೂಟರ್ ಒದ್ದು ಹೊರಟರು.

ಆಗ ಶಾಮಿಯಾನದ ಹೊರಗಿನಿಂದ ಒಂದು ದನಿ ಬಂತು. "ಆಕಳ ಹೊಟ್ಟಿ ಉಬ್ಬಿ ಸಾಯಾಕತ್ತೈತಿ, ನೀವೇನ್ ನಿಂತ ನೋಡಾಕತ್ತೀರಿ? ಸರೀರಿ ಅತ್ಲಾಗ!"

ಅದು ನಿಂಗವ್ವ. ಕೊನೆಯ ಅಡ್ಡರಸ್ತೆಯಲ್ಲಿ ಬಾಡಿಗೆಗಿದ್ದ ವೀರಬಸಪ್ಪನ ತಾಯಿ. ಮಗ ಯಶವಂತಪುರದ ಕಡೆ ಯಾವುದೋ ಫ್ಯಾಕ್ಟರಿಯಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಿದ್ದ. ಧಾರವಾಡದ ಕಡೆಯಿಂದ ಬಂದು ಎರಡು ತಿಂಗಳಾಗಿದ್ದ ಈ ಮುದುಕಿಯ ಮಾತನ್ನು ಪಂಕಜಮ್ಮ ಅಣಕಿಸಿ ಆಡಿ ತೋರಿಸುತ್ತಿದ್ದರು, ನಾವೆಲ್ಲ ನಗುತ್ತಿದ್ದೆವು. ಅವತ್ತು ಯಾರೂ ನಗಲಿಲ್ಲ.

ನಿಂಗವ್ವ ಕಚ್ಚೆ ಬಿಗಿದು ನೆಟ್ಟಗೆ ಪಂಕಜಮ್ಮನ ಅಡುಗೆಮನೆಗೆ ನುಗ್ಗಿದಳು. ಅತಿಥಿಗಳ ಬೋಂಡಕ್ಕೆಂದು ಇಟ್ಟಿದ್ದ ಕಡಲೆಕಾಯಿ ಎಣ್ಣೆಯ ಡಬ್ಬ ಎತ್ತಿಕೊಂಡಳು.

"ಅಯ್ಯೋ, ಅದು ಬೋಂಡಕ್ಕೆ ಕಣ್ರೀ!" ಎಂದರು ಪಂಕಜಮ್ಮ.

"ಬೋಂಡಾ ನಾಳೆ ತಿಂದ್ರ ಆತು ಯವ್ವಾ. ಆಕಳ ಇವತ್ತ ಸಾಯ್ತೈತಿ."

ಕುಡಿಸಲು ಬಿದಿರಿನ ಗೊಟ್ಟ ಎಲ್ಲಿ ಸಿಗಬೇಕು? ನಿಂಗವ್ವ ಸುತ್ತ ನೋಡಿದಳು. ಕಿಟಕಿಯಲ್ಲಿ ಒಂದು ಬಾಟಲಿಗೆ ನೀರು ತುಂಬಿ ಪಂಕಜಮ್ಮ ಮನಿಪ್ಲಾಂಟ್ ಬೆಳೆಸಿದ್ದರು. ಬಳ್ಳಿಯನ್ನು ಕಿತ್ತೆಸೆದು, ನೀರು ಚೆಲ್ಲಿ, ಬಾಟಲಿ ತಂದಳು. ಅದರ ಮೇಲೆ ರಮ್ಮಿನ ಚೀಟಿ ಇನ್ನೂ ಇತ್ತು. ಅಧ್ಯಕ್ಷರು ಆಕಾಶ ನೋಡಿದರು. ಪುರೋಹಿತನಿಗೆ ಗೊತ್ತಿರಬಾರದ ವಿಷಯಗಳು ಕೆಲವಿರುತ್ತವೆ, ನಾನೂ ಆಕಾಶ ನೋಡಿದೆ.

"ಮುಂಗಾಲ ಎತ್ತರಕ್ಕಿರಬೇಕು. ಮೊದಲ ಎಬ್ಬಸ್ರಿ," ಎಂದಳು ನಿಂಗವ್ವ. ಎತ್ತರ ಎಂದರೆ ಅಲ್ಲಿದ್ದದ್ದು ಅಧ್ಯಕ್ಷರ ಪೋರ್ಟಿಕೋದ ಮೂರು ಮೆಟ್ಟಿಲು. ನಾಲ್ಕು ಜನ ಬಾಲ ತಿರುಚಿದರೂ ಕೆಂದಿ ಏಳಲಿಲ್ಲ. ಮುನಿಕೃಷ್ಣಮ್ಮ ಅದರ ಮುಖ ಹಿಡಿದು ಬಾಗಿಲ ಕಡೆ ತಿರುಗಿಸಿ ಅಳುತ್ತ ಹೇಳಿದಳು: "ನೋಡವ್ವಾ, ಅಲ್ಲಿ ತೋರ್ಣ ಕಟ್ಟವ್ರೆ. ಏಳು, ನಿನ್ಮನೆ ಕಣೇ, ಏಳು."

ಕೆಂದಿ ಕಣ್ಣು ಬಿಟ್ಟು ನೋಡಿತು. ಎರಡು ಸಲ ಮುಗ್ಗರಿಸಿ ಎದ್ದಿತು. ಹತ್ತೊಂಬತ್ತನೆಯ ಗೃಹಪ್ರವೇಶ ಎಂದುಕೊಂಡಿತೋ ಏನೋ, ತಾನೇ ಮುಂಗಾಲನ್ನು ಮೆಟ್ಟಿಲ ಮೇಲಿಟ್ಟು ನಿಂತಿತು. ಅಷ್ಟು ಮನೆಗಳಿಗೆ ಅದನ್ನು ಕರೆದೊಯ್ದು ಆ ಅಭ್ಯಾಸ ಕಲಿಸಿದವನು ನಾನೇ.

ನಿಂಗವ್ವ ಬಾಟಲಿಯಲ್ಲಿ ಎಣ್ಣೆಗೆ ಇಂಗು ಕದಡಿ ಸ್ವಲ್ಪ ಸ್ವಲ್ಪವೇ ಕುಡಿಸಿದಳು. ಬಾಯಿಗೆ ಅಡ್ಡಲಾಗಿ ಒಂದು ಕೋಲು ಕಟ್ಟಿದಳು, ಅದನ್ನು ಅಗಿಯುತ್ತ ಕೆಂದಿ ಜೊಲ್ಲು ನುಂಗತೊಡಗಿತು. ಇಬ್ಬರು ಹೆಂಗಸರೂ ಸೇರಿ ಎಡಪಕ್ಕೆಯನ್ನು ಒತ್ತಿ ಒತ್ತಿ ತಿಕ್ಕಿದರು. ಒಂದೊಂದು ನಿಮಿಷವೂ ಯುಗವಾಯಿತು. ಕೊನೆಗೆ ದೊಡ್ಡದೊಂದು ತೇಗು ಬಂತು, ಮತ್ತೊಂದು ಬಂತು. "ಹೊರಳಿಸಿ ಕಟ್ರಿ, ಇನ್ನ ಹಿಂದ್ಲಿಂದ ಬರ್ತೈತಿ," ಎಂದು ನಿಂಗವ್ವ ಕೂಗಿದ್ದೇ ತಡ, ಕೆಂದಿಯನ್ನು ತಿರುಗಿಸಿದರು. ಈಗ ಅದರ ಬಾಲ ಮನೆಯ ಕಡೆಗಿತ್ತು. ಇಪ್ಪತ್ತಮೂರು ಮನೆಗಳ ದಯೆಯೂ ಒಂದೇ ಏಟಿಗೆ ಹೊರಗೆ ಬಂತು. ಕೆಂಪು ಪಾಲಿಶ್ ಹಾಕಿದ ಪೋರ್ಟಿಕೋ, ಬಾಗಿಲು, ಕಾಲೊರಸು, ಅಧ್ಯಕ್ಷರ ಹೊಸ ಬೂಟು, ಯಾವುದನ್ನೂ ಬಿಡಲಿಲ್ಲ.

"ನನ್ನ ಪೋರ್ಟಿಕೋ!" ಎಂದು ಬದರೀನಾಥರು ಚೀರಿದರು.

"ಶುಭ ಸಾರ್," ಎಂದೆ. "ಗೃಹಪ್ರವೇಶದ ಬಾಕಿ ತೀರಿತು."

ಹೆಬ್ಬಾಳದಿಂದ ಬಂದ ಡಾಕ್ಟರು ಹಸುವನ್ನು ಮುಟ್ಟಿ ನೋಡಿ ಹೇಳಿದರು: "ಎಣ್ಣೆ ಕುಡಿಸಿದ್ಯಾರು? ಅವ್ರು ಇಲ್ದಿದ್ರೆ ನಾನು ಬಂದೂ ಪ್ರಯೋಜನ ಇರ್ತಿರ್ಲಿಲ್ಲ. ಹೊಟ್ಟೇಲಿರೋ ಕರುನೂ ಉಳ್ಕೊಂಡಿದೆ." ಮುನಿಕೃಷ್ಣಮ್ಮ ನಿಂಗವ್ವನ ಕಾಲಿಗೆ ಬಿದ್ದಳು.

ಮುಂದಿನ ಭಾನುವಾರ ಸಂಘದ ಸಭೆ. ಹಸುವಿನ ಪ್ರಾಣ ಉಳಿಸಿದ್ದಕ್ಕಾಗಿ ಅಧ್ಯಕ್ಷರಿಗೂ, ಸಮಯಕ್ಕೆ ಸರಿಯಾಗಿ ಎಣ್ಣೆ ಒದಗಿಸಿದ್ದಕ್ಕಾಗಿ ಪಂಕಜಮ್ಮನವರಿಗೂ ಅಭಿನಂದನೆ ಸಲ್ಲಿಸಲಾಯಿತು. ನಿಂಗವ್ವ ಸದಸ್ಯೆಯಲ್ಲವಾದ್ದರಿಂದ ಅವಳ ಹೆಸರು ಬರಲಿಲ್ಲ. ಎರಡನೆಯ ಠರಾವು: ಗಬ್ಬದ ಹಸುವನ್ನು ಬೀದಿ ಬೀದಿ ಸುತ್ತಿಸುವುದು ಹಿಂಸೆ, ಆದ್ದರಿಂದ ಇನ್ನು ಮುಂದೆ ಬಡಾವಣೆಯೊಳಗೆ ದನ ಬರಕೂಡದು. ಗೃಹಪ್ರವೇಶಕ್ಕೆ ಮಾತ್ರ ವಿನಾಯಿತಿ, ಎರಡು ದಿನ ಮೊದಲು ಅರ್ಜಿ ಕೊಡತಕ್ಕದ್ದು. "ಇದಕ್ಕೆ ಶಾಸ್ತ್ರದ ವಿರೋಧ ಏನಾದ್ರೂ ಇದೆಯಾ?" ಎಂದು ನನ್ನನ್ನು ಕೇಳಿದರು. ಇಲ್ಲ ಎಂದೆ. ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ ಎಂದು ನನ್ನಂಥವರನ್ನು ನೋಡಿಯೇ ಹಿರಿಯರು ಹೇಳಿರಬೇಕು.

ಅಲ್ಲಿಂದ ಮುಂದೆ ಕೆಂದಿ ಕೊಟ್ಟಿಗೆಯಲ್ಲೇ ಉಳಿಯಿತು. ಮುನಿಕೃಷ್ಣಮ್ಮ ದಿನಕ್ಕೆ ಎರಡು ಸಲ ಕೆರೆಯಂಗಳದಿಂದ ಹುಲ್ಲು ಕೊಯ್ದು ತಲೆಯ ಮೇಲೆ ಹೊತ್ತು ನಮ್ಮ ಬೀದಿಗಳಲ್ಲೇ ನಡೆದು ಹೋಗುತ್ತಿದ್ದಳು. ಹೆಂಗಸು ಹೊರೆ ಹೊರುವುದಕ್ಕೆ ಸಂಘದ ಆಕ್ಷೇಪಣೆ ಇರಲಿಲ್ಲ.

ಎರಡು ತಿಂಗಳ ನಂತರ ಕೆಂದಿ ಕರು ಹಾಕಿತು. ಸುದ್ದಿ ನಮ್ಮ ಬಡಾವಣೆಗೆ ಮುಟ್ಟಲು ಅರ್ಧ ದಿನವೂ ಬೇಕಾಗಲಿಲ್ಲ. ಸುದ್ದಿಯ ಹಿಂದೆಯೇ ಎಲ್ಲರಿಗೂ ಗಿಣ್ಣಿನ ನೆನಪು ಬಂತು. ಕರು ಹಾಕಿದ ಹಸುವಿನ ಮೊದಲ ದಿನಗಳ ಗಟ್ಟಿ ಹಾಲು, ಬೆಲ್ಲ ಏಲಕ್ಕಿ ಹಾಕಿ ಬೇಯಿಸಿದರೆ ಬಾಯಲ್ಲಿ ಕರಗುತ್ತದೆ, ಯಾರಿಗೆ ಬೇಡ? ಬದರೀನಾಥರು ನನ್ನನ್ನು ಕರೆಸಿ ದೊಡ್ಡ ಸ್ಟೀಲು ಪಾತ್ರೆ ಕೈಗಿತ್ತರು.

"ಸಂಘದ ಪರವಾಗಿ ಕೇಳಿ. ನಾವು ಉಳಿಸಿದ ಹಸು ಅಲ್ವೇನ್ರೀ? ಇಲ್ಲ ಅನ್ನಲ್ಲ."

ನಾನು ಹೊರಟೆ. ದಾರಿಯಲ್ಲಿ ನನ್ನ ಮನೆಗೂ ಹೋದೆ. ಹೆಂಡತಿ ಗೋದಾ ಒಂದು ಚೊಂಬು ಕೊಟ್ಟಳು, ಅದನ್ನು ದೊಡ್ಡ ಪಾತ್ರೆಯೊಳಗೆ ಬಚ್ಚಿಟ್ಟು ಮೇಲೆ ಅಂಗವಸ್ತ್ರ ಮುಚ್ಚಿದೆ.

ಕೊಟ್ಟಿಗೆಯಲ್ಲಿ ಗೋಣಿಚೀಲದ ಮೇಲೆ ನಿಂಗವ್ವ ಕೂತು ಒಣಹುಲ್ಲಿನಿಂದ ಕರುವಿನ ಮೈ ಉಜ್ಜುತ್ತಿದ್ದಳು. ಕರು ಕೆಚ್ಚಲಿಗೆ ಬಾಯಿಟ್ಟು ಕುಡಿಯುತ್ತಿತ್ತು. ಕೆಂದಿ ನನ್ನನ್ನು ನೋಡಿ ಕಿವಿ ನಿಮಿರಿಸಿತು. ಈ ಮುಖ ಬಂದರೆ ಬಾಳೆಹಣ್ಣು ಬರುತ್ತದೆ ಎಂದು ಅದಕ್ಕೆ ಗೊತ್ತಲ್ಲ. ನಾನು ಒಂದು ಹಣ್ಣೂ ತಂದಿರಲಿಲ್ಲ.

ಪಾತ್ರೆ ನೋಡಿದ ಕೂಡಲೆ ಮುನಿಕೃಷ್ಣಮ್ಮನಿಗೆ ತಿಳಿಯಿತು. "ಸಂಘದೋರು ಕಳ್ಸವ್ರಾ ಸ್ವಾಮಿ? ಒಂದ್ ಮಾತು ಕೇಳ್ತೀನಿ. ನಿಮ್ ಶಾಸ್ತ್ರದಾಗೆ ಈ ಆಲು ಯಾರ್ದು ಅಂತ ಬರ್ದವ್ರೆ?"

ಏನು ಬರೆದಿದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಕರು ಹಾಕಿ ಹತ್ತು ದಿನ ಕಳೆಯುವವರೆಗೆ ಆ ಹಾಲು ಮನುಷ್ಯರಿಗೆ ನಿಷಿದ್ಧ. ಅಷ್ಟು ವರ್ಷಗಳಲ್ಲಿ ಅದನ್ನು ಯಾರಿಗೂ ಹೇಳಿರಲಿಲ್ಲ, ಗಿಣ್ಣು ಕಂಡಲ್ಲಿ ನಾನೇ ಮೊದಲು ತಟ್ಟೆ ಒಡ್ಡುತ್ತಿದ್ದೆ.

"ಹತ್ತು ದಿನ ಕರುವಿನದಮ್ಮ," ಎಂದೆ.

"ಅಂಗಂತ ಸಂಘಕ್ಕೆ ಏಳ್ಬುಡಿ," ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ನನ್ನ ಕೈಯಿಂದ ಪಾತ್ರೆ ತೆಗೆದುಕೊಂಡು ಅಂಗವಸ್ತ್ರ ಸರಿಸಿದಳು. ಒಳಗಿನಿಂದ ಚೊಂಬು ಉರುಳಿ ನೆಲದ ಮೇಲೆ ಸದ್ದು ಮಾಡಿತು. ಕರು ಬೆಚ್ಚಿತು. ನಿಂಗವ್ವ ತಲೆಯೆತ್ತಿ ನೋಡಿದಳು.

"ಇದ್ಯಾರ್ದು ಸ್ವಾಮಿ?"

"ನನ್ನದು," ಎಂದೆ. ನೆಲ ಬಾಯಿ ಬಿಡಬಾರದೇ ಎನ್ನಿಸಿತು.

ಮುನಿಕೃಷ್ಣಮ್ಮ ಚೊಂಬು ಎತ್ತಿ ಪಕ್ಕಕ್ಕಿಟ್ಟಳು. ದೊಡ್ಡ ಪಾತ್ರೆಗೆ ಮಡಕೆಯಿಂದ ನೀರು ತುಂಬಿ ಕೆಂದಿಯ ಮುಂದಿಟ್ಟಳು. ಆಮೇಲೆ ಚೊಂಬನ್ನೂ ತೊಳೆದು, ನೀರು ತುಂಬಿ, ನನ್ನ ಕೈಗೆ ಕೊಟ್ಟಳು. "ಕುಡೀರಿ. ಬಿಸ್ಲಾಗೆ ಬಂದಿದೀರಿ."

ಕೆಂದಿ ಸಂಘದ ಪಾತ್ರೆಯಲ್ಲಿ, ನಾನು ನನ್ನ ಚೊಂಬಿನಲ್ಲಿ, ಇಬ್ಬರೂ ಅಲ್ಲೇ ನಿಂತು ನೀರು ಕುಡಿದೆವು.