ಬೆರಳು ತಿಂದ ಜಾಕು

ನಾನು ಒಂದು ಗಾಳಿ ಜಾಕು. ಲಾರಿ ಚಾಲಕರು ಸೀಟಿನ ಕೆಳಗೆ ತುರುಕಿಡುವ ಪುಟ್ಟ ಜಾಕಿನ ಜಾತಿಯವನಲ್ಲ. ರೈಲು ಬೋಗಿಯ ಒಂದು ಮೂಲೆಯನ್ನು ಗಾಲಿಗಳಿಂದ ಬಿಡಿಸಿ ಮೇಲಕ್ಕೆತ್ತುವವನು. ಬೇರೆ ರಾಜ್ಯದ ಒಂದು ಕಾರ್ಖಾನೆಯಲ್ಲಿ, ಕೆಂಪಗೆ ಕಾದ ಉಕ್ಕಿನಿಂದ ನಾನು ಹುಟ್ಟಿದೆ. ಹೊಟ್ಟೆಗೆ ಎಣ್ಣೆ ತುಂಬಿದರು. ಎಣ್ಣೆಯ ಮೇಲೆ ಉಕ್ಕಿನ ಕಂಬ ನಿಲ್ಲಿಸಿದರು. ಎಣ್ಣೆ ಸೋರಿಹೋಗದಂತೆ ಕಂಬದ ಬುಡಕ್ಕೆ ರಬ್ಬರಿನ ಸೀಲು ಕೂರಿಸಿದರು. ಕೊಳವೆಯಿಂದ ಗಾಳಿ ಬಿಟ್ಟರೆ ಒಳಗಿನ ಪಂಪು ಎಣ್ಣೆಯನ್ನು ಒತ್ತುತ್ತದೆ, ಕಂಬ ಏಳುತ್ತದೆ. ಎದ್ದ ಮೇಲೆ ಕಂಬದ ಸುತ್ತಲಿನ ದಪ್ಪ ಬಳೆಯನ್ನು ತಿರುಗಿಸಿ ಬಿಗಿದುಬಿಟ್ಟರೆ, ಎಣ್ಣೆ ಕೈಕೊಟ್ಟರೂ ಕಂಬ ಇಳಿಯುವುದಿಲ್ಲ. ಇಷ್ಟೇ ನನ್ನ ಶರೀರ.

ಅಲ್ಲಿಂದ ಗೂಡ್ಸ್ ಗಾಡಿ ಹತ್ತಿ ಬಯಲುಸೀಮೆಯ ಒಂದು ರೈಲ್ವೆ ಕಾರ್ಖಾನೆಗೆ ಬಂದೆ. ಅಲ್ಲಿ ನನ್ನನ್ನು ಬರಮಾಡಿಕೊಂಡವನು ಫಿಟ್ಟರ್ ಯಮನೂರಪ್ಪ. ಜಾಕುಗಳ ರಿಪೇರಿಯೇ ಅವನ ಕೆಲಸ. ದನದ ಮೈ ತಿಕ್ಕುವವನ ಹಾಗೆ ಸೀಮೆಎಣ್ಣೆ ಬಟ್ಟೆಯಿಂದ ನನ್ನ ಮೈಯೆಲ್ಲ ಒರೆಸಿದ. ಗಾಳಿ ಕೊಳವೆಯಲ್ಲಿ ನೀರು ನಿಂತಿದೆಯೇ ಎಂದು ದಿನಾ ಬೆಳಿಗ್ಗೆ ಊದಿ ನೋಡುತ್ತಿದ್ದ. ನನ್ನ ಪಂಪಿನ ಸದ್ದು ಚೂರು ಬದಲಾದರೂ, "ಯಾಕಪ್ಪಾ, ಗಂಟಲ ಕೆಟ್ಟೈತಿ?" ಎಂದು ಕೇಳಿ ಬಿಚ್ಚಲು ಕೂರುತ್ತಿದ್ದ. ಮಾತು ಕಡಿಮೆಯ ಮನುಷ್ಯ. ಆಡುವ ನಾಲ್ಕು ಮಾತನ್ನು ನಮ್ಮಂಥ ಜಾಕುಗಳ ಜೊತೆಗೋ ಸಾಮುವೇಲನ ಜೊತೆಗೋ ಆಡುತ್ತಿದ್ದ.

ಸಾಮುವೇಲ ಬೋಗಿ ಎತ್ತುವ ತಂಡದವನು. ನಾವು ಎತ್ತಿ ಹಿಡಿದ ಬೋಗಿಯ ಕೆಳಗೆ ಸೀಸದಂತೆ ಭಾರವಾದ ಮರದ ದಿಮ್ಮಿಗಳನ್ನು ತಳ್ಳಿ ಆಸರೆ ಕೊಡುವುದು ಅವನ ಪಾಲಿನ ಕೆಲಸ. ಇಬ್ಬರೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು. ಒಬ್ಬನ ಮನೆಯ ಬಾಣಂತನಕ್ಕೆ ಇನ್ನೊಬ್ಬನ ಹೆಂಡತಿ ಹೋಗಿ ನಿಲ್ಲುವಷ್ಟು ಬಳಕೆ. "ಯಮನೂರ ಕಟ್ಟಿದ ಜಾಕಿನ ಕೆಳಗ ನಾ ನಿದ್ದಿನೂ ಮಾಡ್ತೀನಿ" ಎಂದು ಸಾಮುವೇಲ ಎಲ್ಲರೆದುರು ಹೇಳುತ್ತಿದ್ದ.

ಒಂದು ಶ್ರಾವಣದಲ್ಲಿ ಯಮನೂರಪ್ಪ ನನಗೆ ಹೊಸ ಸೀಲು ಹಾಕಿದ. ಭಾರ ಕೊಟ್ಟು ಪರೀಕ್ಷೆಯನ್ನೂ ಮಾಡಿದ. ನಾನು ಅಲುಗದೆ ನಿಂತೆ. ಮರುದಿನ ನನ್ನನ್ನು ಒಂದು ಬೋಗಿಯ ಮೂಲೆಗೆ ಒಡ್ಡಿದರು. ಬೋಗಿ ಎದ್ದಿತು. ಬಳೆ ಬಿಗಿಯುವುದಕ್ಕೆ ಮೊದಲೇ ಆಚೆಗಿದ್ದ ದಿಮ್ಮಿ ವಾಲತೊಡಗಿತು. ಅದನ್ನು ಸರಿಪಡಿಸಲೆಂದು ಸಾಮುವೇಲ ಬಲಗೈಯನ್ನು ಬೋಗಿಯ ಕೆಳಗಿಟ್ಟ. ಅದೇ ಗಳಿಗೆಯಲ್ಲಿ ನನ್ನೊಳಗಿನ ಸೀಲು ಸೀಳಿತು. ಎಣ್ಣೆ ಚಿಮ್ಮಿತು. ಬೋಗಿ ಗೇಣಿನಷ್ಟೇ ಇಳಿದದ್ದು. ಸಾಮುವೇಲನ ಮೂರು ಬೆರಳು ಹೋಗಲು ಅಷ್ಟು ಸಾಕಾಯಿತು.

ವಿಚಾರಣೆ ನಡೆಯಿತು. ಆ ಸಲ ಬಂದ ಸೀಲುಗಳ ರಬ್ಬರೇ ಪೆಡಸಾಗಿತ್ತು, ಬಳೆಯನ್ನು ಮೊದಲು ಬಿಗಿಯಬೇಕಿತ್ತು, ಫಿಟ್ಟರನ ತಪ್ಪು ಕಾಣುವುದಿಲ್ಲ ಎಂದು ಫೋರ್ಮನ್ ಕುಲಕರ್ಣಿ ಸಾಹೇಬರು ಹೇಳಿದರು. ಆ ಮಾತು ಯಮನೂರಪ್ಪನ ಕಿವಿಗೆ ಬಿದ್ದರೂ ಎದೆಗೆ ಇಳಿಯಲಿಲ್ಲ. ಅವನ ಕೈ ನಡುಗತೊಡಗಿತು. ಪಾನಾ ಹಿಡಿದರೆ ನಟ್ಟಿನ ಮೇಲೆ ಅದು ಕಟಕಟ ಎನ್ನುವುದು. ಜಾಕಿನ ಕೆಲಸ ನನಗೆ ಬೇಡ ಎಂದು ಸಾಹೇಬರನ್ನು ಬೇಡಿಕೊಂಡು, ಬೋಗಿಗಳ ಬಾಗಿಲಿಗೆ ಬಣ್ಣ ಹಚ್ಚುವ ಕಡೆ ಹೋದ.

ಸಾಮುವೇಲ ಗುಣವಾಗಿ ಬಂದವನು ಸಾಮಾನು ಕೋಣೆಯ ಕಿಟಕಿಯಲ್ಲಿ ಕುಳಿತ. ಯಮನೂರಪ್ಪ ಬಣ್ಣ ಕೇಳಲು ಹೋದರೆ ಡಬ್ಬಿಯನ್ನು ಎಡಗೈಯಿಂದ ಮುಂದೆ ತಳ್ಳುವನು. ಇವನು ತಲೆ ತಗ್ಗಿಸಿ ಎತ್ತಿಕೊಳ್ಳುವನು. ಮಾತಿಲ್ಲ. ವರ್ಷಗಳು ಹಾಗೇ ಉರುಳಿದವು.

ನನ್ನನ್ನು ಗೋಡೆಯ ಮೂಲೆಗೆ ನೂಕಿ ತಾಡಪತ್ರಿ ಮುಚ್ಚಿದ್ದರು. ಹೊಸಬರು ನನ್ನತ್ತ ಕೈ ತೋರಿಸಿ "ಬೆರಳು ತಿಂದ ಜಾಕು" ಎನ್ನುತ್ತಿದ್ದರು. ಕತ್ತಲೆಗಿಂತ ಆ ಹೆಸರು ನನಗೆ ಹೆಚ್ಚು ಭಾರವಾಗಿತ್ತು.

ಕೊನೆಗೊಮ್ಮೆ ಜಾಕುಗಳಿಗೆ ತೀರಾ ಕೊರತೆ ಬಂತು. ಕುಲಕರ್ಣಿ ಸಾಹೇಬರು ತಾಡಪತ್ರಿ ತೆಗೆಸಿ, "ಇದನ್ನ ಯಾರು ಬಿಚ್ಚತೀರಿ?" ಎಂದರು. ಯಾರೂ ಮುಂದೆ ಬರಲಿಲ್ಲ. "ಹಂಗಾದ್ರ ಗುಜರಿಗೆ ಹಾಕ್ರಿ" ಎಂದು ಹೊರಟರು.

ಸಾಮುವೇಲ ಕಿಟಕಿ ಬಿಟ್ಟು ಎದ್ದು ಬಂದ. ನೇರ ಬಣ್ಣದ ಕಡೆ ಹೋಗಿ ಯಮನೂರಪ್ಪನ ಕೈಯಿಂದ ಕುಂಚ ಕಿತ್ತುಕೊಂಡ.

"ಬಾ, ಬಿಚ್ಚು ಅದನ್ನ."

"ನನ್ನ ಕಡಿಂದ ಆಗೂದಿಲ್ಲ ಸ್ಯಾಮಣ್ಣ. ಕೈ ನೋಡು ಹೆಂಗ ನಡಗತಾವ."

"ನಿನ್ನವು ನಡಗಾಕರ ಅದಾವ."

ಯಮನೂರಪ್ಪ ಮುಖ ಎತ್ತಲಿಲ್ಲ. "ನಾ ಹಾಕಿದ ಸೀಲು ಅದು" ಎಂದಷ್ಟೇ ಹೇಳಿದ.

"ಸೀಲಿನ ಮ್ಯಾಲ ನನಗ ಯಾವತ್ತೂ ಸಿಟ್ಟು ಬರಲಿಲ್ಲೋ" ಎಂದ ಸಾಮುವೇಲ. "ಆಸ್ಪತ್ರ್ಯಾಗ ಬಾಗಿಲಾ ನೋಡಕೋಂತ ಮಲಗಿದ್ದೆ. ನೀ ಬಾಗಿಲತನ ಬಂದು, ನಿಂತು, ಹಂಗ ಹೊಳ್ಳಿ ಹೋದಿ ಅಂತ ನರ್ಸಮ್ಮ ಹೇಳಿದಳು. ಒಳಗ ಯಾಕ ಬರಲಿಲ್ಲ? ಬೆರಳ ಹೋದದ್ದು ಹೋತು. ನೀನೂ ಯಾಕ ಹೋದಿ?"

ಯಮನೂರಪ್ಪ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ. ತೋಳಿಗೆ ಬಣ್ಣ ಹತ್ತಿದ್ದರಿಂದ ಕೆನ್ನೆಗೆ ನೀಲಿ ಮೆತ್ತಿತು. ಆಮೇಲೆ ಬಂದು ನನ್ನ ಮುಂದೆ ಕುಳಿತ.

ಅವನು ನನ್ನನ್ನು ಪೂರ್ತಿ ಬಿಚ್ಚಿದ. ಹಳೆಯ ಎಣ್ಣೆ ಮಡ್ಡಿಯಾಗಿ ಹರಿಯಿತು. ಕಂಬದ ಮೇಲಿನ ತುಕ್ಕನ್ನು ನಯವಾದ ಮರಳುಕಾಗದದಿಂದ ಉಜ್ಜಿ ಉಜ್ಜಿ, ಉಗುರಾಡಿಸಿ ನೋಡಿದ. ಪಂಪಿನೊಳಗೆ ಎಣ್ಣೆ ತಡೆಯುವ ಒಂದೊಂದು ಪುಟ್ಟ ಗುಂಡನ್ನೂ ಸೀಮೆಎಣ್ಣೆಯಲ್ಲಿ ತೊಳೆದ. ಮೊದಲು ಪಾನಾ ಜಾರುತ್ತಿತ್ತು. ಸಾಮುವೇಲ ಎದುರಿಗೆ ಕೂತು ನನ್ನ ಮೈಯನ್ನು ಮೊಣಕಾಲಿನಿಂದ ಒತ್ತಿ ಹಿಡಿದ. ಹೊಸ ಸೀಲುಗಳನ್ನು ಹೆಬ್ಬೆರಳು ತೋರುಬೆರಳ ನಡುವೆ ಮಡಚಿ, ಬೆಳಕಿಗೆ ಹಿಡಿದು, "ಇದು ಬ್ಯಾಡ, ಇದೂ ಬ್ಯಾಡ" ಎಂದು ಪಕ್ಕಕ್ಕೆಸೆದ. ಮೆತ್ತಗೆ ಬಾಗಿ ಮತ್ತೆ ನೆಟ್ಟಗಾದ ಒಂದನ್ನು ಯಮನೂರಪ್ಪನ ಅಂಗೈಗಿಟ್ಟ. ಅದನ್ನು ಕೂರಿಸುವ ಹೊತ್ತಿಗೆ ಯಮನೂರಪ್ಪನ ಕೈ ನಡುಗುತ್ತಿರಲಿಲ್ಲ. ನಡುಕ ಯಾವಾಗ ನಿಂತಿತೋ ಅವನಿಗೂ ತಿಳಿಯದು.

ಭಾರ ಹೊರಿಸಿ ಇಡೀ ರಾತ್ರಿ ಬಿಟ್ಟರು. ಬೆಳಿಗ್ಗೆ ಅಳತೆಪಟ್ಟಿ ಹಿಡಿದಾಗ ನಾನು ಕೂದಲೆಳೆಯಷ್ಟೂ ಇಳಿದಿರಲಿಲ್ಲ. ಆದರೂ ನಾನು ಎತ್ತಿದ ಬೋಗಿಯ ಕೆಳಗೆ ಕೈ ಹಾಕಲು ತಂಡದವರು ಹಿಂಜರಿದರು. ಯಮನೂರಪ್ಪ ತಾನೇ ಗಾಳಿ ಬಿಟ್ಟ. ಬೋಗಿ ಎದ್ದಿತು. ಕಂಬದ ಬಳೆಯನ್ನು ತಾನೇ ಕೊನೆಯ ಸುತ್ತಿನವರೆಗೆ ಬಿಗಿದ. ದಿಮ್ಮಿ ಎತ್ತಲು ಬಗ್ಗಿದಾಗ ಅದರ ಇನ್ನೊಂದು ತುದಿಯಲ್ಲಿ ಸಾಮುವೇಲನಿದ್ದ.

"ನೀ ಸರಿ ಸ್ಯಾಮಣ್ಣ. ನಾ ಒಬ್ಬನ ಹಾಕ್ತೀನಿ."

"ಒಬ್ಬನ ಕೆಲಸ ಅಲ್ಲ ಇದು. ಹೂಂ, ತಳ್ಳು."

ಸಾಮುವೇಲ ಅದೇ ಬಲಗೈಯನ್ನು ಬೋಗಿಯ ಕೆಳಗೆ ಚಾಚಿದ. ನನ್ನ ತಲೆಯ ಮೇಲೆ ಇಡೀ ಬೋಗಿಯ ಮೂಲೆ. ನಾನು ಹುಟ್ಟಿದ್ದು ಆ ಗಳಿಗೆಗಾಗಿಯೇ ಎನಿಸಿತು. ದಿಮ್ಮಿ ತನ್ನ ಜಾಗದಲ್ಲಿ ಕೂತಿತು. ಕೈ ಹೊರಗೆ ಬಂತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ತಂಡದವರು ಸುಮ್ಮನೆ ಬಂದು ಮುಂದಿನ ದಿಮ್ಮಿ ಎತ್ತಿಕೊಂಡರು.

ಅದಾದ ಮೇಲೆ ಬಹಳ ಕಾಲ ದುಡಿದೆ. ಆ ಇಬ್ಬರೂ ನಿವೃತ್ತರಾದರು. ಕರೆಂಟಿನಿಂದ ನಡೆಯುವ ಎತ್ತರದ ಜಾಕುಗಳು ಬಂದವು. ಈಗ ನನ್ನನ್ನು ಉದ್ದಕ್ಕೆ ಸೀಳಿ, ತರಬೇತಿಗೆ ಬರುವವರು ಒಳಗನ್ನು ನೋಡಲೆಂದು ಗೇಟಿನ ಪಕ್ಕದ ಶೆಡ್ಡಿನಲ್ಲಿ ನಿಲ್ಲಿಸಿದ್ದಾರೆ. ಗಾಳಿಯಿಲ್ಲ, ಎಣ್ಣೆಯಿಲ್ಲ. ರಸ್ತೆ ಕಾಣುತ್ತದೆ.

ಹೋದ ಬೇಸಿಗೆಯಲ್ಲಿ ಆ ರಸ್ತೆಯಲ್ಲಿ ಯಮನೂರಪ್ಪನ ಚಟ್ಟ ಬಂತು. ದುಡಿದ ಜಾಗವೆಂದು ಗೇಟಿನ ಮುಂದೆ ಒಂದು ಗಳಿಗೆ ನಿಲ್ಲಿಸಿದರು. ಚಟ್ಟದ ಮುಂದಿನ ತುದಿಗೆ ಹೆಗಲು ಕೊಟ್ಟಿದ್ದವನು ಸಾಮುವೇಲ. ತಲೆಯೆಲ್ಲ ಬೆಳ್ಳಗಾಗಿತ್ತು, ಏದುಸಿರು ಬಿಡುತ್ತಿದ್ದ.

"ವಯಸ್ಸಾಗೇತಿ ಸ್ಯಾಮಣ್ಣಾರ, ಭಾರ ಆಗತೈತಿ, ಇಲ್ಲಿಂದ ನಾವು ಹಿಡೀತೀವಿ" ಎಂದು ಯಾರೋ ಮುಂದೆ ಬಂದರು.

"ಬ್ಯಾಡ್ರಿ" ಎಂದ ಸಾಮುವೇಲ. "ಇವನ ಭಾರ ನನಗ ರೂಢಿ ಐತಿ."

ಮತ್ತೆ ನಡೆದರು. ಭಾರ ಹೊರುವುದೆಂದರೇನು ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಹಾಗಾಗಿ ನಾನು ಆ ಹೆಗಲನ್ನೇ ನೋಡುತ್ತಿದ್ದೆ. ರಸ್ತೆ ತಿರುಗಿ ಮರೆಯಾಗುವವರೆಗೂ ಅದು ಇಳಿಯಲಿಲ್ಲ.