ಹಳೇ ಹಾಸಿನ ತುದಿ

ಪರದೆಯ ಮೇಲಿನ ಪಟ್ಟಿ ತುಂಬಿ ಕೊನೆ ಮುಟ್ಟಿದ್ದೇ ತಡ, ಕಿರಣಕುಮಾರ ಕುರ್ಚಿಯಲ್ಲೇ ಕುಣಿದ. ಬೆಟಗೇರಿಯ ಆ ಓಣಿಯಲ್ಲಿ ಕಂಪ್ಯೂಟರಿನ ಹುಚ್ಚು ಹಿಡಿಸಿಕೊಂಡವನು ಅವನೊಬ್ಬನೇ. ವಾರವೆಲ್ಲ ಬಟ್ಟೆ ಅಂಗಡಿಯಲ್ಲಿ ಸೀರೆ ಮಡಚುವುದು, ರವಿವಾರ ಬಂದರೆ ಗುಜರಿಯಿಂದ ತಂದು ಜೋಡಿಸಿದ ಈ ಡಬ್ಬಿಯ ಮುಂದೆ ಕೂಡುವುದು. ಅದರಲ್ಲಿದ್ದ ನಕಲಿ ವಿಂಡೋಸು ದಿನಕ್ಕೊಂದು ತಕರಾರು ತೆಗೆಯುತ್ತಿತ್ತು. ಅಸಲಿಯದನ್ನು ಕೊಳ್ಳುವ ಮಾತೇ ಇಲ್ಲ. ಮೊಬೈಲ್ ರಿಪೇರಿಯ ಗೆಳೆಯ ನಯಾಜ ಪೆನ್‌ಡ್ರೈವಿನಲ್ಲಿ ವಿಂಡೋಸಿನ ಬದಲಿಗೆ ಲಿನಕ್ಸ್ ಹಾಕಿಕೊಟ್ಟು, ಪುಕ್ಕಟೆ ಐತಿ, ಯಾರ ಹಂಗೂ ಇಲ್ಲ ಎಂದಿದ್ದ. ಅದನ್ನೇ ಈಗ ಕಂಪ್ಯೂಟರಿಗೆ ಇಳಿಸಿ ಮುಗಿಸಿದ್ದ.

ಹಂಗೂ ಇರಲಿಲ್ಲ, ಬೇರೇನೂ ಇರಲಿಲ್ಲ. ‘ಅಂಚು’ ಎಂಬ ಫೋಲ್ಡರ್ ಎಲ್ಲಿ ಹುಡುಕಿದರೂ ಕಾಣಲಿಲ್ಲ.

ಅವನಪ್ಪ ಬಾಬಣ್ಣ ಜೀವಮಾನವೆಲ್ಲ ಕೈಮಗ್ಗದಲ್ಲಿ ಸೀರೆ ನೇಯ್ದವನು. ನೇಯ್ಗೆ ಬಿಟ್ಟ ವರ್ಷ, ತನ್ನ ತಲೆಯಲ್ಲಿದ್ದ ಸೀರೆಯಂಚುಗಳನ್ನು ಎಳೆ ಎಳೆಯಾಗಿ ಹೇಳುತ್ತ ಹೋಗಿದ್ದ. ಮಗ ಪರದೆಯ ಚೌಕಳಿಗಳಲ್ಲಿ ಬಣ್ಣ ತುಂಬುತ್ತ ಹೋಗಿದ್ದ. ಆಮೇಲೆ ಬಾಬಣ್ಣನಿಗೆ ಲಕ್ವಾ ಹೊಡೆದು ನೆನಪು ಅಲ್ಲಲ್ಲಿ ಹರಿದುಹೋಯಿತು. ನೇಯ್ದ ಸೀರೆಗಳು ಯಾವ ಊರಿನ ಯಾರ ಮೈಮೇಲೆ ಹೋದವೋ ಏನೋ. ಉಳಿದದ್ದು ಆ ಫೋಲ್ಡರಿನಲ್ಲಿ ಮಾತ್ರ.

ಕಿರಣಕುಮಾರ ನಯಾಜನಿಗೆ ಫೋನು ಹಚ್ಚಿದ.

"ಕಾಪಿ ತಗದಿಟ್ಟಿದ್ದಿಲ್ಲೇನ್ಲೇ? ಎಲ್ಲಾ ಅಳಸ್ಲೇನು ಅಂತ ಅದು ಕೇಳಿರಬೇಕಲ್ಲ?" ಎಂದ ನಯಾಜ.

ಕೇಳಿತ್ತು. ಇವನು ಹೂಂ ಎಂದು ಒತ್ತಿದ್ದ. ಕಾರಣ ಕೇಳಿದರೆ ನಗಬೇಕೋ ಅಳಬೇಕೋ! ನೇಕಾರರ ಮನೆಯಲ್ಲಿ ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಬಿಗಿದ ನೂಲು, ಮುಗಿದರೆ ಹಳೆಯದನ್ನು ಪೂರಾ ಕಿತ್ತು ತೆಗೆಯುವುದಿಲ್ಲ. ಅದರ ತುದಿಯನ್ನು ಮಗ್ಗದಲ್ಲೇ ಉಳಿಸಿ, ಹೊಸ ಹಾಸಿನ ಒಂದೊಂದು ಎಳೆಯನ್ನೂ ಅದಕ್ಕೆ ಗಂಟು ಹಾಕಿ ಎಳೆದುಕೊಳ್ಳುತ್ತಾರೆ. ಹುಟ್ಟಿದಾಗಿನಿಂದ ಅದನ್ನೇ ಕಂಡವನು, ಹೋಗುವುದು ಹಾಳು ವಿಂಡೋಸು ಮಾತ್ರ, ತನ್ನದೆಲ್ಲ ಆ ತುದಿಯ ಹಾಗೆ ಉಳಿದು ಹೊಸದಕ್ಕೆ ಕೂಡಿಕೊಳ್ಳುತ್ತದೆ ಎಂದೇ ನಂಬಿದ್ದ. ನಯಾಜ, ಹಳೆಯದರ ಮೇಲೆಯೇ ಹೊಸದು ಬಂದು ಕುಂತಿದೆ, ಇನ್ನು ಆಸೆ ಇಟ್ಟುಕೊಳ್ಳಬೇಡ ಎಂದ.

ಗೋಡೆ ಹಿಡಿದುಕೊಂಡು ಬಾಬಣ್ಣ ಬಂದ. ಹೊಸದರಲ್ಲಿ ತನ್ನ ಅಂಚುಗಳು ಹೇಗೆ ಕಾಣುತ್ತವೆ, ತೋರಿಸು ಎಂದ. ಏನಾದರೊಂದು ಸುಳ್ಳು ಹೇಳಬಹುದಿತ್ತು. ಬಾಯಿ ಬರಲಿಲ್ಲ.

"ಹೋದವು ಅಪ್ಪಾ. ನನ್ನ ಕೈಯಾರೆ ಅಳಿಸಿಬಿಟ್ಟೆ."

ಬಾಬಣ್ಣ ತಡವರಿಸಿ ಸ್ಟೂಲಿನ ಮೇಲೆ ಕುಳಿತ. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೊಲೋ ಇತ್ತು.

"ಇರ್ಲಿ. ಮತ್ತೊಮ್ಮೆ ಹೇಳತೀನಿ, ಬರಕೋ."

ಕಿರಣಕುಮಾರ ಹೊಸ ಹಾಳೆ ತೆರೆದ. ಪರದೆ ತುಂಬ ಖಾಲಿ ಚೌಕಳಿಗಳು.

"ಎರಡ ಎತ್ತು. ಒಂದ ಬಿಡು. ಎರಡ ಎತ್ತು." ಅಪ್ಪನ ಬೆರಳುಗಳು ಗಾಳಿಯಲ್ಲಿ ಎಳೆ ಎತ್ತುತ್ತಿದ್ದವು. ಮಗ ಎತ್ತಿದ ಎಳೆಗೊಂದರಂತೆ ಚೌಕಳಿಗೆ ಬಣ್ಣ ಹಾಕಿದ, ಒಂದು ಸಾಲು ತುಂಬಿತು. ಎರಡನೆಯದೂ ಅರ್ಧಕ್ಕೆ ಬಂತು.

"ಒಂದ..." ಎಂದ ಬಾಬಣ್ಣ. ತುಟಿ ಅಲುಗಿದವು, ಮುಂದಿನದು ನೆನಪಿಗೆ ಬರಲಿಲ್ಲ. ಎತ್ತಿದ ಬೆರಳು ಎತ್ತಿದಲ್ಲೇ ನಿಂತಿತು.

ಕಿರಣಕುಮಾರ ಮೌಸಿನ ಮೇಲಿನ ಕೈ ತೆಗೆಯದೆ, ಮುಂದಿನ ಬಿಳಿ ಚೌಕಳಿಯನ್ನೇ ನೋಡುತ್ತ ಕುಳಿತ.